ಸೋಲುಗಳು ಕಟ್ಟಿದ ಶಾಸ್ತ್ರ

ಬಿ.ಎ. ಮೊದಲ ಸೆಮಿಸ್ಟರಿನ ರಾಜ್ಯಶಾಸ್ತ್ರದ ಗೈಡು ಬಿಡಿಸಿದರೆ ಆರಂಭದಲ್ಲೇ ಅರಿಸ್ಟಾಟಲ್ ಎದುರಾಗುತ್ತಾನೆ, ‘ರಾಜ್ಯಶಾಸ್ತ್ರದ ಪಿತಾಮಹ’ ಎಂಬ ಬಿರುದಿನೊಂದಿಗೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ವಿಭಾಗ, ಮುಖ್ಯಸ್ಥರು, ಅತಿಥಿ ಉಪನ್ಯಾಸಕರು, ಸಿಲಬಸ್ಸು, ಪಿಎಚ್.ಡಿ. ವೈವಾ ಎಂದು ಇವತ್ತು ನಾವು ಕಾಣುವ ರಾಜ್ಯಶಾಸ್ತ್ರ ಇದೆಯಲ್ಲ, ಅದಕ್ಕೆ ಹೆಚ್ಚುಕಡಿಮೆ ನೂರೈವತ್ತು ವರ್ಷ ವಯಸ್ಸು. ಅರಿಸ್ಟಾಟಲ್ ಮತ್ತು ಅವನ ಶಿಷ್ಯರು 158 ರಾಜ್ಯಗಳ ಆಡಳಿತ ವ್ಯವಸ್ಥೆಯ ವಿವರ ಕಲೆಹಾಕಿದ್ದರು ಎನ್ನುತ್ತಾರೆ. ಬಹುಮಟ್ಟಿಗೆ ಉಳಿದು ಬಂದದ್ದು ಒಂದೇ, ಅಥೆನ್ಸಿನದು. ಅದು ಸಿಕ್ಕಿದ್ದೂ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ. ಒಂದು ಮಗ್ಗುಲಲ್ಲಿ ಯಾರದೋ ಜಮೀನಿನ ಲೆಕ್ಕಪತ್ರ, ಅದರ ಬೆನ್ನಿಗೆ ಅರಿಸ್ಟಾಟಲನ ಗ್ರಂಥ. ಬ್ರಿಟಿಷ್ ಮ್ಯೂಸಿಯಂ ಅದನ್ನು ಅಚ್ಚು ಹಾಕಿಸಿದ್ದು 1891ರಲ್ಲಿ. ಪಿತಾಮಹನ ಕಡತ ಕೈಸೇರುವ ಹೊತ್ತಿಗೆ ಮೊಮ್ಮಕ್ಕಳು ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನಲ್ಲೂ ಶಾಲೆ ತೆರೆದು ಕೂತಾಗಿತ್ತು.

ಆ ಶಾಲೆಗಳು ಯಾಕೆ ಹುಟ್ಟಿದವು ಎಂದು ಹುಡುಕುತ್ತ ಹೋದರೆ ಜ್ಞಾನದಾಹಕ್ಕಿಂತ ಮುಖಭಂಗವೇ ಹೆಚ್ಚು ಕಾಣುತ್ತದೆ. ಯುದ್ಧದಲ್ಲಿ ಸೋತವರು, ಚುನಾವಣೆಯಲ್ಲಿ ಸೋತವರು, ಭವಿಷ್ಯ ನುಡಿದು ಸೋತವರು, ಇವರೆಲ್ಲ ಸೇರಿ ಈ ಶಾಸ್ತ್ರವನ್ನು ಕಟ್ಟಿದ್ದಾರೆ. ಹೊರಗಿನ ಜಗತ್ತು ಕಪಾಳಕ್ಕೆ ಬಾರಿಸಿದಾಗಲೆಲ್ಲ ಅದು ದಿಕ್ಕು ಬದಲಿಸಿದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 1622ರಷ್ಟು ಹಿಂದೆಯೇ ಯೋಹಾನ್ ಸ್ಕಿಟೆ ಎಂಬ ಶ್ರೀಮಂತ ವಾಕ್ಪಟುತ್ವಕ್ಕೂ ರಾಜ್ಯಾಡಳಿತಕ್ಕೂ ಸೇರಿಸಿ ಒಂದು ಪ್ರಾಧ್ಯಾಪಕ ಪೀಠ ಸ್ಥಾಪಿಸಿದ್ದು ನಿಜ. ಅದು ಇಂದಿಗೂ ಇದೆ. ಆದರೆ ಒಂದು ಪೀಠದಿಂದ ಒಂದು ಶಾಸ್ತ್ರ ಆಗುವುದಿಲ್ಲ.

1870ರ ಸೆಪ್ಟೆಂಬರಿನಲ್ಲಿ ಸೆಡಾನ್ ಕದನದಲ್ಲಿ ಫ್ರಾನ್ಸಿನ ಚಕ್ರವರ್ತಿಯೇ ಪ್ರಷ್ಯದವರ ಕೈಗೆ ಸೆರೆಸಿಕ್ಕ. ಮರುವರ್ಷ ಅಲ್ಸೇಸ್-ಲೊರೇನ್ ಕೈತಪ್ಪಿತು, ಪ್ಯಾರಿಸ್ಸಿನ ಬೀದಿಗಳಲ್ಲಿ ಕಮ್ಯೂನ್ ದಂಗೆಯ ರಕ್ತ ಹರಿಯಿತು. ನಮ್ಮನ್ನು ಸೋಲಿಸಿದ್ದು ಪ್ರಷ್ಯದ ಫಿರಂಗಿಗಳಷ್ಟೇ ಅಲ್ಲ, ಅವರ ವಿಶ್ವವಿದ್ಯಾಲಯಗಳು ಎಂಬ ಮಾತು ಆಗ ಫ್ರೆಂಚ್ ವಿದ್ಯಾವಂತರಲ್ಲಿ ಓಡಾಡುತ್ತಿತ್ತು. ಎಮಿಲ್ ಬೂತ್ಮಿ ಎಂಬುವರು ಖಾಸಗಿ ಹಣ ಕೂಡಿಸಿ 1872ರಲ್ಲಿ ರಾಜ್ಯಶಾಸ್ತ್ರಗಳ ಸ್ವತಂತ್ರ ಶಾಲೆಯೊಂದನ್ನು ತೆರೆದರು. ದೇಶ ಆಳುವವರಿಗೆ ಆಳುವ ವಿದ್ಯೆ ಗೊತ್ತಿರಲಿಲ್ಲ, ಅದಕ್ಕೇ ಹೀಗಾಯಿತು, ಇನ್ನಾದರೂ ಕಲಿಸೋಣ ಎಂಬುದು ಅವರ ಲೆಕ್ಕಾಚಾರ. ಕೆಲವೇ ದಶಕಗಳಲ್ಲಿ ಫ್ರಾನ್ಸಿನ ವಿದೇಶಾಂಗ ಇಲಾಖೆ, ಹಣಕಾಸು ಇಲಾಖೆಗಳ ಮೇಲಿನ ಹುದ್ದೆಗಳು ಬಹುಪಾಲು ಆ ಶಾಲೆಯ ಹುಡುಗರಿಂದಲೇ ತುಂಬಿದವು. ಇಂದು ‘ಸಿಯಾನ್ಸ್ ಪೊ’ ಎಂದು ಕರೆಯುವುದು ಅದರ ವಾರಸುದಾರ ಸಂಸ್ಥೆಯನ್ನೇ. ಲಂಡನ್ನಿನಲ್ಲಿ ಸಿಡ್ನಿ ವೆಬ್ ಮತ್ತು ಗೆಳೆಯರು 1895ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಶುರು ಮಾಡುವಾಗ ಕಣ್ಣ ಮುಂದಿಟ್ಟುಕೊಂಡ ಮಾದರಿಗಳಲ್ಲಿ ಈ ಪ್ಯಾರಿಸ್ ಶಾಲೆಯೂ ಒಂದು.

ಅಮೆರಿಕದ ಕಥೆ ಇನ್ನೂ ಕಹಿ. ಆ ದೇಶದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಎಂಬ ಹೆಸರು ಮೊದಲು ಪಡೆದವರು ಎಂದು ಫ್ರಾನ್ಸಿಸ್ ಲೀಬರ್ ಅವರನ್ನು ಹೇಳುವುದುಂಟು. ಹುಟ್ಟಿದ್ದು ಬರ್ಲಿನ್ನಿನಲ್ಲಿ. 1815ರಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ನೆಪೋಲಿಯನ್ ವಿರುದ್ಧ ಪ್ರಷ್ಯದ ಸೇನೆಯಲ್ಲಿ ಕಾದಾಡಿ ಗುಂಡೇಟು ತಿಂದರು. ಆಮೇಲೆ ಅದೇ ಪ್ರಷ್ಯ, ಈ ಹುಡುಗ ಸ್ವಾತಂತ್ರ್ಯ ಗೀತಂತ್ರ್ಯ ಅನ್ನುತ್ತಾನೆಂದು ಜೈಲಿಗೆ ಹಾಕಿತು. 1827ರಲ್ಲಿ ಅಮೆರಿಕಕ್ಕೆ ಹೋಗಿ, ದಕ್ಷಿಣ ಕೆರೊಲಿನಾದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದರು. ಸ್ವಾತಂತ್ರ್ಯದ ಮೇಲೆ ದೊಡ್ಡ ದೊಡ್ಡ ಗ್ರಂಥ ಬರೆಯುತ್ತಲೇ ಮನೆಯಲ್ಲಿ ಗುಲಾಮರನ್ನೂ ಇಟ್ಟುಕೊಂಡಿದ್ದರು. 1857ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜು ಅವರನ್ನು ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ನಾಲ್ಕು ವರ್ಷದಲ್ಲಿ ಅಂತರ್ಯುದ್ಧ ಸಿಡಿಯಿತು. ಲೀಬರ್‌ಗೆ ಮೂವರು ಗಂಡುಮಕ್ಕಳು. ದಕ್ಷಿಣದ ಪರ ನಿಂತ ಹಿರಿಯ ಮಗ ಆಸ್ಕರ್ 1862ರಲ್ಲಿ ಯುದ್ಧದ ಗಾಯದಿಂದ ಸತ್ತ. ಉತ್ತರದ ಪರ ಹೋರಾಡಿದ ಹ್ಯಾಮಿಲ್ಟನ್ ಅದೇ ವರ್ಷ ಒಂದು ತೋಳು ಕಳೆದುಕೊಂಡ. ಮೂರನೆಯವನೂ ಉತ್ತರದ ಸೇನೆಯಲ್ಲೇ ಇದ್ದ. ಮನೆಯೊಳಗೇ ಯುದ್ಧ ನಡೆಯುತ್ತಿದ್ದಾಗ ಈ ಪ್ರಾಧ್ಯಾಪಕರು ಕೂತು, ಸೆರೆಸಿಕ್ಕ ಸೈನಿಕನನ್ನು ಹೇಗೆ ನಡೆಸಿಕೊಳ್ಳಬೇಕು, ಊರಿನ ಸಾಮಾನ್ಯ ಜನರನ್ನು ಹೇಗೆ ಕಾಣಬೇಕು ಎಂಬ 157 ನಿಯಮಗಳ ಸಂಹಿತೆ ಬರೆದುಕೊಟ್ಟರು. 1863ರ ಏಪ್ರಿಲ್‌ನಲ್ಲಿ ಲಿಂಕನ್ ಅದಕ್ಕೆ ಒಪ್ಪಿಗೆ ಕೊಟ್ಟರು. ಇಂದಿನ ಅಂತರರಾಷ್ಟ್ರೀಯ ಯುದ್ಧ ನಿಯಮಗಳಿಗೆ ಬುನಾದಿ ಹಾಕಿದ ದಾಖಲೆಗಳಲ್ಲಿ ಅದು ಒಂದು. ರಾಜ್ಯಶಾಸ್ತ್ರಜ್ಞರೊಬ್ಬರ ಬರಹ ರಣರಂಗದಲ್ಲಿ ಆದೇಶವಾಗಿ ಓದಲ್ಪಟ್ಟ ಇಂಥ ಸಂದರ್ಭಗಳು ಬಹಳ ಇಲ್ಲ.

ಅದೇ ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಟೆನೆಸ್ಸೀ ಪ್ರಾಂತದ ಹುಡುಗ ಜಾನ್ ಬರ್ಜೆಸ್. ರಾತ್ರಿ ಕಾವಲಿಗೆ ನಿಂತಿದ್ದಾಗ, ಬದುಕಿ ಉಳಿದರೆ ಜನ ಬಂದೂಕಿನ ಬದಲು ವಿವೇಕದಿಂದ ಜಗಳ ಬಗೆಹರಿಸಿಕೊಳ್ಳುವುದನ್ನು ಕಲಿಸುತ್ತೇನೆ ಎಂದು ಸಂಕಲ್ಪ ಮಾಡಿದ್ದಾಗಿ ಅವರು ಮುಪ್ಪಿನಲ್ಲಿ ಬರೆದುಕೊಂಡಿದ್ದಾರೆ. ಜರ್ಮನಿಗೆ ಹೋಗಿ ಓದಿ ಬಂದು 1880ರಲ್ಲಿ ಕೊಲಂಬಿಯಾದಲ್ಲಿ ‘ಸ್ಕೂಲ್ ಆಫ್ ಪೊಲಿಟಿಕಲ್ ಸೈನ್ಸ್’ ತೆರೆದರು. ಅಮೆರಿಕದಲ್ಲಿ ಈ ವಿಷಯದಲ್ಲಿ ಉನ್ನತ ಸಂಶೋಧನೆ ಗಟ್ಟಿಯಾಗಿ ಬೇರುಬಿಟ್ಟದ್ದು ಅಲ್ಲಿಂದ. 1886ರಲ್ಲಿ ‘ಪೊಲಿಟಿಕಲ್ ಸೈನ್ಸ್ ಕ್ವಾರ್ಟರ್ಲಿ’ ಪತ್ರಿಕೆಯೂ ಬಂತು.

ಇಷ್ಟಕ್ಕೆ ನಿಲ್ಲಿಸಿದರೆ ಬರ್ಜೆಸ್ ಕಥೆ ಚಂದ. ಆದರೆ 1890ರಲ್ಲಿ ಅವರು ಹೊರತಂದ ಎರಡು ಸಂಪುಟಗಳ ಮಹಾಗ್ರಂಥದಲ್ಲಿ ಇನ್ನೊಂದು ಮುಖವಿದೆ. ರಾಜ್ಯ ಕಟ್ಟುವ ಪ್ರತಿಭೆ ಎಲ್ಲ ಜನಾಂಗಗಳಿಗೂ ಇಲ್ಲ, ಅದು ಟ್ಯೂಟಾನಿಕ್ ಜನರ ಸ್ವತ್ತು, ಆ ಪ್ರತಿಭೆ ಇಲ್ಲದವರನ್ನು ಆಳುವುದು ಅವರ ಹಕ್ಕು ಮಾತ್ರವಲ್ಲ ಕರ್ತವ್ಯ ಕೂಡ ಎಂಬುದು ಅಲ್ಲಿನ ವಾದ. ಅಮೆರಿಕದ ಕಪ್ಪು ಜನರಿಗೆ ಮತದಾನದ ಹಕ್ಕು ಕೊಟ್ಟಿದ್ದೇ ತಪ್ಪು ಎಂಬ ನಿಲುವಿಗೂ ಅದು ದಾರಿ ಮಾಡಿತು. ಬ್ರಿಟಿಷರು ಭಾರತವನ್ನು ಆಳಲು ಬೇಕಾದ ಸಮರ್ಥನೆಯೂ ಅದರಲ್ಲೇ ಇತ್ತು. ಗೈಡುಗಳು ಈ ಭಾಗವನ್ನು ಮುಟ್ಟುವುದಿಲ್ಲ. ಮುಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ. ಶಾಸ್ತ್ರವೊಂದು ‘ವೈಜ್ಞಾನಿಕ’ ಎಂದು ಎದೆ ತಟ್ಟಿಕೊಳ್ಳುತ್ತಲೇ ಎಂಥ ಮಾತನ್ನೆಲ್ಲ ಆಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಬರ್ಜೆಸ್ ನಿವೃತ್ತರಾದದ್ದು 1912ರಲ್ಲಿ. 1913ರ ಜುಲೈನಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಮುಂಬೈಯಿಂದ ಒಬ್ಬ ತರುಣ ಕೊಲಂಬಿಯಾಕ್ಕೆ ಬಂದಿಳಿದರು. ಹೆಸರು ಭೀಮರಾವ್ ಅಂಬೇಡ್ಕರ್. ಅವರು ಓದಿದ್ದು ಮುಖ್ಯವಾಗಿ ಅರ್ಥಶಾಸ್ತ್ರ. ಆದರೆ ಅಲ್ಲಿ ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರಗಳೆಲ್ಲ ಒಂದೇ ಸೂರಿನಡಿ ಇದ್ದವು. ಅವರ ಪ್ರೌಢಪ್ರಬಂಧ ಸಲ್ಲಿಕೆಯಾದದ್ದು ಕೊಲಂಬಿಯಾದ ರಾಜ್ಯಶಾಸ್ತ್ರ ನಿಕಾಯಕ್ಕೆ. ಆಳಲು ಯೋಗ್ಯರು ಯಾರು ಎಂಬ ಪಟ್ಟಿ ತಯಾರಿಸಿದವರ ಶಾಲೆಯಲ್ಲೇ ಓದಿದವರು ಮುಂದೆ ಇಡೀ ದೇಶದ ವಯಸ್ಕರಿಗೆಲ್ಲ ಒಂದೊಂದು ಮತ ಕೊಡುವ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು.

ಬರ್ಜೆಸ್ ಥರದ ವಾದಕ್ಕೆ ಇನ್ನೊಂದು ಉತ್ತರ ಮೈಸೂರಿನಲ್ಲಿ ಸಿದ್ಧವಾಗುತ್ತಿತ್ತು. ಭಾರತೀಯರಿಗೆ ವೇದಾಂತ ಗೊತ್ತು, ರಾಜ್ಯ ನಡೆಸುವ ಚಿಂತನೆ ಅವರಲ್ಲಿ ಬೆಳೆಯಲೇ ಇಲ್ಲ ಎಂದು 19ನೇ ಶತಮಾನದ ಯುರೋಪಿನ ಪಂಡಿತರು ಹೇಳುತ್ತ ಬಂದಿದ್ದರು. ಕೌಟಿಲ್ಯ ಎಂಬೊಬ್ಬ ಇದ್ದ, ಅರ್ಥಶಾಸ್ತ್ರ ಎಂಬ ಗ್ರಂಥ ಬರೆದಿದ್ದ ಎಂದು ಹಳೆಯ ಕಾವ್ಯ, ವ್ಯಾಖ್ಯಾನಗಳಲ್ಲಿ ಉಲ್ಲೇಖಗಳಿದ್ದವು. ಪೂರ್ಣ ಗ್ರಂಥ ವಿದ್ವಾಂಸರ ಕಣ್ಣಿಗೆ ಬಿದ್ದಿರಲಿಲ್ಲ. 1905ರ ಸುಮಾರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಗ್ರಂಥಲಿಪಿಯ ಆ ಗರಿಗಳನ್ನು ಒಂದೊಂದಾಗಿ ಓದಿ, ಇದು ಯಾವ ಕೃತಿ ಎಂದು ಗುರುತಿಸಿ, 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಕನ್ನಡ ನಾಡಿನ ಶಾಸನಗಳನ್ನು ಓದಿ ಹೆಸರಾದ ಜೆ.ಎಫ್. ಫ್ಲೀಟ್ ಅನುವಾದಕ್ಕೆ ಮುನ್ನುಡಿ ಬರೆದರು.

ಒಳಗೇನಿತ್ತು? ಹದಿನೈದು ಅಧಿಕರಣಗಳು. ಎರಡನೆಯದರಲ್ಲಂತೂ ಗಣಿ, ಉಪ್ಪು, ನೇಯ್ಗೆ, ಹೆಂಡ, ತೂಕ-ಅಳತೆ, ದನಕರು, ಹೀಗೆ ಇಲಾಖೆಗೊಬ್ಬ ಅಧ್ಯಕ್ಷ. ಅವನ ಕೆಲಸವೇನು, ತಪ್ಪಿದರೆ ದಂಡವೆಷ್ಟು ಎಂಬುದರ ತನಕ ವಿವರ. ಅಧಿಕಾರಿಗಳು ಸರ್ಕಾರಿ ಹಣ ನುಂಗುವ ದಾರಿಗಳು ನಲವತ್ತು ಎಂದು ಲೆಕ್ಕ ಹಾಕಿ ಒಂದೊಂದನ್ನೂ ಹೆಸರಿಸಿದ್ದಾನೆ ಪುಣ್ಯಾತ್ಮ. ವಿಧಾನಸೌಧದ ಕಾರಿಡಾರುಗಳಲ್ಲಿ ಓಡಾಡಿದವರಿಗೆ ಆ ಪಟ್ಟಿಯಲ್ಲಿ ಅಪರಿಚಿತವಾದದ್ದು ಬಹಳ ಸಿಗಲಿಕ್ಕಿಲ್ಲ. ತತ್ವಜ್ಞಾನದಲ್ಲಿ ಕಳೆದುಹೋದವರು ಬರೆಯುವ ಪುಸ್ತಕ ಇದಲ್ಲ ಎಂದು ಯಾರಿಗಾದರೂ ತಕ್ಷಣ ಗೊತ್ತಾಗುವಂತಿತ್ತು.

ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಇದು ಕೈಗೆ ಸಿಕ್ಕ ಆಯುಧವೇ ಆಯಿತು. ಯು.ಎನ್. ಘೋಷಾಲ್, ಬಿನೋಯ್ ಕುಮಾರ್ ಸರ್ಕಾರ್, ಕೆ.ಪಿ. ಜಯಸ್ವಾಲ್ ಮೊದಲಾದವರು ಪ್ರಾಚೀನ ಭಾರತದ ರಾಜ್ಯಚಿಂತನೆಯ ಮೇಲೆ ಪುಸ್ತಕದ ಮೇಲೆ ಪುಸ್ತಕ ಬರೆದರು. 1924ರಲ್ಲಿ ಬಂದ ಜಯಸ್ವಾಲರ ‘ಹಿಂದೂ ಪಾಲಿಟಿ’ ಲಿಚ್ಛವಿಗಳಂಥ ಗಣರಾಜ್ಯಗಳಲ್ಲಿ ಇಂದಿನ ಪಾರ್ಲಿಮೆಂಟನ್ನೇ ಕಂಡಿತು. ಉತ್ಸಾಹ ಹೆಚ್ಚಾಗಿತ್ತು ಎಂದು ಆರ್.ಎಸ್. ಶರ್ಮ ಅವರಂಥ ಇತಿಹಾಸಕಾರರು ಆಮೇಲೆ ತಿದ್ದಿದರು. ಕೌಟಿಲ್ಯನ ಕಾಲದ ಬಗ್ಗೆಯೂ ತಕರಾರು ಇನ್ನೂ ಮುಗಿದಿಲ್ಲ. ಸೋತ ದೇಶದ ವಿದ್ವಾಂಸರು ಆತ್ಮಗೌರವಕ್ಕಾಗಿ ಬರೆದ ಶಾಸ್ತ್ರದಲ್ಲಿ ಅತಿಶಯೋಕ್ತಿ ಇದ್ದೇ ಇರುತ್ತದೆ; ಗೆದ್ದವರು ಬರೆದದ್ದರಲ್ಲಿ ಅದು ಕಮ್ಮಿಯೇನೂ ಇರಲಿಲ್ಲ.

ಅಮೆರಿಕಕ್ಕೆ ವಾಪಸ್ಸು ಬರೋಣ. 1903ರಲ್ಲಿ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ ಹುಟ್ಟಿತು. ಅದರ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ 1913ರಲ್ಲಿ ದೇಶದ ಅಧ್ಯಕ್ಷರೇ ಆದರು. ಪಿಎಚ್.ಡಿ. ಪಡೆದ ಏಕೈಕ ಅಮೆರಿಕ ಅಧ್ಯಕ್ಷ. ಅಮೆರಿಕದ ಸಂಸತ್ತಿನ ಬಗ್ಗೆ 1885ರಲ್ಲಿ ಅವರು ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಆಗ ಅವರಿದ್ದದ್ದು ಬಾಲ್ಟಿಮೋರಿನಲ್ಲಿ, ವಾಷಿಂಗ್ಟನ್ನಿಗೆ ರೈಲಿನಲ್ಲಿ ಸ್ವಲ್ಪ ದೂರ. ಆದರೂ ಸಂಸತ್ತಿನ ಕಲಾಪವನ್ನು ಹೋಗಿ ನೋಡದೆಯೇ ಪುಸ್ತಕ ಮುಗಿಸಿದರು ಎನ್ನುತ್ತಾರೆ. ಆಗಿನ ರಾಜ್ಯಶಾಸ್ತ್ರದ ರೀತಿಯೇ ಅದು: ಸಂವಿಧಾನ ಓದು, ಕಾನೂನು ಓದು, ಜರ್ಮನ್ ಪಂಡಿತರನ್ನು ಓದು, ಬರೆ. ಮೂವತ್ತು ಚಿಲ್ಲರೆ ವರ್ಷಗಳಾದ ಮೇಲೆ ಅದೇ ಸಂಸತ್ತಿನ ಸೆನೆಟ್ಟು ವಿಲ್ಸನ್ ಅವರ ಕನಸಿನ ರಾಷ್ಟ್ರ ಸಂಘದ ಒಪ್ಪಂದವನ್ನು ತಳ್ಳಿಹಾಕಿತು.

ಲೈಬ್ರರಿಯಿಂದ ಎದ್ದು ಬೀದಿಗೆ ಬಂದವರು ಷಿಕಾಗೊದ ಚಾರ್ಲ್ಸ್ ಮೆರಿಯಮ್. ಬಂದದ್ದು ಸೋಲಿನ ದಾರಿಯಲ್ಲೇ. ಪ್ರಾಧ್ಯಾಪಕರಾಗಿದ್ದುಕೊಂಡೇ ನಗರಸಭೆಯ ಸದಸ್ಯರಾದರು, 1911ರಲ್ಲಿ ಮೇಯರ್ ಸ್ಥಾನಕ್ಕೆ ನಿಂತರು, ಸೋತರು. ಯಾರು ಯಾಕೆ ವೋಟು ಹಾಕುತ್ತಾರೆ, ಯಾಕೆ ಹಾಕುವುದಿಲ್ಲ ಎಂಬ ಪ್ರಶ್ನೆ ಠೇವಣಿ ಕಟ್ಟಿದವನಿಗೆ ಕಾಡುವ ಹಾಗೆ ಬೇರೆಯವರಿಗೆ ಕಾಡುವುದಿಲ್ಲ. 1923ರ ಮೇಯರ್ ಚುನಾವಣೆಯಲ್ಲಿ ಷಿಕಾಗೊದ ಅರ್ಧದಷ್ಟು ಜನ ಮತಗಟ್ಟೆಯ ಕಡೆ ತಲೆಹಾಕಿರಲಿಲ್ಲ. ಮೆರಿಯಮ್ ಮತ್ತು ಅವರ ಕಿರಿಯ ಸಹೋದ್ಯೋಗಿ ಹೆರಾಲ್ಡ್ ಗಾಸ್ನೆಲ್ ಹುಡುಗ ಹುಡುಗಿಯರ ಪಡೆಯನ್ನು ಮನೆಮನೆಗೆ ಕಳಿಸಿ, ಹೀಗೆ ತಪ್ಪಿಸಿಕೊಂಡ ಸಾವಿರಾರು ಮಂದಿಯ ಬಾಯಿಂದಲೇ ಕಾರಣ ಬರೆಸಿಕೊಂಡರು. ಕಾಯಿಲೆ, ಊರಲ್ಲಿರಲಿಲ್ಲ, ಆಸಕ್ತಿಯಿಲ್ಲ, ರಾಜಕೀಯವೆಂದರೆ ಅಸಹ್ಯ, ಇವೆಲ್ಲ ನಿರೀಕ್ಷಿಸಿದ್ದೇ. ಮಹಿಳೆಯರಿಗೆ ದೇಶಾದ್ಯಂತ ಮತದಾನದ ಹಕ್ಕು ಬಂದು ಆಗಿನ್ನೂ ಮೂರು ವರ್ಷವಾಗಿತ್ತು. ‘ಹೆಂಗಸರು ವೋಟು ಹಾಕಬಾರದು ಎಂಬ ನಂಬಿಕೆ’, ‘ಗಂಡನ ಆಕ್ಷೇಪಣೆ’ ಎಂಬ ಎರಡು ಪ್ರತ್ಯೇಕ ಕಾರಣಗಳನ್ನು ಅವರ ಕೋಷ್ಟಕದಲ್ಲಿ ಸೇರಿಸಬೇಕಾಯಿತು. ಹಕ್ಕು ಕಾನೂನಿನಲ್ಲಿ ಇರುವುದಕ್ಕೂ ಅಡುಗೆಮನೆಯ ತನಕ ಬಂದು ಮುಟ್ಟುವುದಕ್ಕೂ ಇರುವ ದೂರವನ್ನು ರಾಜ್ಯಶಾಸ್ತ್ರ ಅಂಕಿಗಳಲ್ಲಿ ಹೀಗೆ ನೋಡಿದ್ದು ಹೊಸದು.

ಗಾಸ್ನೆಲ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. 1924ರಲ್ಲಿ ನಗರದ ಹನ್ನೆರಡು ಭಾಗಗಳಿಂದ ಸುಮಾರು 6,000 ಜನರನ್ನು ಆರಿಸಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ, ಹೆಸರು ನೋಂದಾಯಿಸಿ, ಮತ ಹಾಕಿ ಎಂಬ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿದರು. ವಲಸಿಗರ ಊರಾದ್ದರಿಂದ ಇಂಗ್ಲಿಷಿನ ಜೊತೆಗೆ ಪೋಲಿಷ್, ಚೆಕ್, ಇಟಾಲಿಯನ್ ಭಾಷೆಗಳಲ್ಲೂ ಅಚ್ಚು ಹಾಕಿಸಿದ್ದರು. ಇನ್ನೊಂದು ಪಾಲಿಗೆ ಏನೂ ಕಳಿಸಲಿಲ್ಲ. ಆಮೇಲೆ ಎರಡನ್ನೂ ಹೋಲಿಸಿದರು. ಎಲ್ಲರಿಗೂ ಗೊತ್ತಿದ್ದ, ಎಲ್ಲರೂ ಮಾತಾಡುತ್ತಿದ್ದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಾರ್ಡು ತಲುಪಿದವರ ಮತದಾನ ಬಲು ಅಲ್ಪವಷ್ಟೇ ಏರಿತ್ತು. ಮುಂದಿನ ವರ್ಷದ ನಗರಸಭೆಯ ಸಪ್ಪೆ ಚುನಾವಣೆಯಲ್ಲಿ ವ್ಯತ್ಯಾಸ ಎದ್ದು ಕಂಡಿತು. ನೆನಪಿಸುವವರು ಬೇರೆ ಯಾರೂ ಇಲ್ಲದ ಕಡೆಯೇ ನೆನಪೋಲೆಗೆ ಕಿಮ್ಮತ್ತು. ಔಷಧಿ ಪರೀಕ್ಷಿಸುವ ಹಾಗೆ ರಾಜಕೀಯವನ್ನೂ ಪರೀಕ್ಷೆಗೆ ಒಡ್ಡಬಹುದು ಎಂದು ತೋರಿಸಿದ ಕೆಲಸ ಇದು. ವಿಚಿತ್ರವೆಂದರೆ ಶಾಸ್ತ್ರ ಇದನ್ನು ಹೊಗಳಿ ಮರೆತುಬಿಟ್ಟಿತು. ಬೀದಿಗಿಳಿದು ನಡೆಸುವ ಈ ಬಗೆಯ ಪ್ರಯೋಗ ಮತ್ತೆ ಫ್ಯಾಷನ್ನಿಗೆ ಬರಲು ಮುಕ್ಕಾಲು ಶತಮಾನ ಕಾಯಬೇಕಾಯಿತು.

1933ರಲ್ಲಿ ಇನ್ನೊಂದು ಮುಖಭಂಗ. ಓದಿಗೆ ಚಂದವಾಗಿದ್ದ ವೈಮರ್ ಸಂವಿಧಾನದ ಒಳಗಿಂದಲೇ ಹಿಟ್ಲರ್ ಎದ್ದು ಬಂದ. ಸಂವಿಧಾನದ ಕಲಮುಗಳನ್ನು ಅರೆದು ಕುಡಿದವರಿಗೆ ಅದು ಹೇಗಾಯಿತು ಎಂದು ವಿವರಿಸಲು ಆಗಲಿಲ್ಲ. ಓಡಿಬಂದ ಯಹೂದಿ ವಿದ್ವಾಂಸರು, ಹಾನ್ಸ್ ಮಾರ್ಗೆಂಥೌ, ಲಿಯೊ ಸ್ಟ್ರಾಸ್, ಹನ್ನಾ ಆರೆಂಟ್, ಫ್ರಾಂಜ್ ನಾಯ್ಮನ್, ಅಮೆರಿಕದ ತರಗತಿಗಳಿಗೆ ಆ ಪ್ರಶ್ನೆಯನ್ನು ಹೊತ್ತು ತಂದರು. ಒಬ್ಬೊಬ್ಬರದು ಒಂದೊಂದು ಉತ್ತರ. ಅಂತರರಾಷ್ಟ್ರೀಯ ಸಂಬಂಧಗಳು ಎಂದು ನಮ್ಮ ಎಂ.ಎ. ವಿದ್ಯಾರ್ಥಿಗಳು ಓದುವ ಪತ್ರಿಕೆಯ ಮೇಲೆ ಮಾರ್ಗೆಂಥೌ ನೆರಳು ಇನ್ನೂ ಬಿಟ್ಟಿಲ್ಲ.

ಮತದಾರರನ್ನು ಕೇಳಿ ತಿಳಿಯುವ ವಿದ್ಯೆಯಂತೂ ಪೂರ್ತಿ ಅವಮಾನದ ಮೇಲೆಯೇ ಬೆಳೆದಿದೆ. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ತರಿಸಿಕೊಂಡು, ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತು. ಅವರು 48 ರಾಜ್ಯಗಳಲ್ಲಿ 46 ಗೆದ್ದರು. ಕಾರ್ಡು ಹೋಗಿದ್ದು ಟೆಲಿಫೋನು, ಕಾರು ಇದ್ದ ಉಳ್ಳವರ ಮನೆಗಳಿಗೇ ಹೆಚ್ಚು. ಉತ್ತರ ಬರೆದವರು ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಹೆಚ್ಚು. ಸಣ್ಣ ಸ್ಯಾಂಪಲ್ ಹಿಡಿದು ಸರಿಯಾಗಿ ಹೇಳಿದ ಜಾರ್ಜ್ ಗ್ಯಾಲಪ್ ರಾತ್ರೋರಾತ್ರಿ ದೊಡ್ಡವರಾದರು. 1948ರಲ್ಲಿ ಅದೇ ಗ್ಯಾಲಪ್, ಟ್ರೂಮನ್ ಸೋಲುತ್ತಾರೆ ಎಂದು ಹೇಳಿ ಕೆಟ್ಟರು. ತಪ್ಪಿದ್ದು ಎಲ್ಲಿ ಎಂದು ಪ್ರಾಧ್ಯಾಪಕರ ಸಮಿತಿ ಕೂತು ತನಿಖೆ ಮಾಡಿತು. ಸಮೀಕ್ಷೆಯ ಹುಡುಗರು ತಮಗೆ ಸುಲಭವಾಗಿ ಸಿಕ್ಕವರನ್ನು ಮಾತಾಡಿಸಿ ಕೋಟಾ ತುಂಬಿಸುವ ಪದ್ಧತಿಗೆ ಬದಲಾಗಿ, ಯಾರನ್ನು ಕೇಳಬೇಕೆಂದು ಚೀಟಿ ಎತ್ತಿದ ಹಾಗೆ ಮೊದಲೇ ಗೊತ್ತುಮಾಡಿ ಅವರ ಮನೆಗೇ ಹೋಗುವ ಪದ್ಧತಿ ಮೇಲುಗೈ ಪಡೆಯಿತು. ಮಿಷಿಗನ್ ವಿಶ್ವವಿದ್ಯಾಲಯದ ರಾಷ್ಟ್ರೀಯ ಚುನಾವಣಾ ಅಧ್ಯಯನಗಳು ಆ ನೆಲದ ಮೇಲೆ ಬೆಳೆದವು. ಅವುಗಳ ಫಲವಾಗಿ 1960ರಲ್ಲಿ ಬಂದ ‘ದಿ ಅಮೆರಿಕನ್ ವೋಟರ್’ ಹೇಳಿದ ಸತ್ಯ ಆದರ್ಶವಾದಿಗಳಿಗೆ ಹಿಡಿಸಲಿಲ್ಲ: ಬಹುಪಾಲು ಮತದಾರರು ನೀತಿ, ಸಿದ್ಧಾಂತ ತೂಗಿ ನೋಡಿ ಮತ ಹಾಕುವುದಿಲ್ಲ, ಮನೆಯಿಂದ ಬಂದ ಪಕ್ಷನಿಷ್ಠೆಯ ಮೇಲೆ ಹಾಕುತ್ತಾರೆ.

ಇದೇ ಕಾಲದ ಅಲೆಗೆ ವರ್ತನಾವಾದ ಎಂದು ಹೆಸರು. ಡೇವಿಡ್ ಈಸ್ಟನ್, ರಾಬರ್ಟ್ ಡಾಲ್, ಗೇಬ್ರಿಯಲ್ ಆಲ್ಮಂಡ್ ಅದರ ದೊಡ್ಡ ಹೆಸರುಗಳು. ರಾಜ್ಯ ಎಂಬ ಮೂರ್ತಿಯನ್ನು ಬಿಟ್ಟು ಮನುಷ್ಯರ ವರ್ತನೆಯನ್ನು ನೋಡಿ, ಎಣಿಸಿ, ಮೌಲ್ಯದ ಮಾತು ಪಕ್ಕಕ್ಕಿಡಿ ಎಂಬುದು ಅವರ ಸೂತ್ರ. ಫೋರ್ಡ್ ಪ್ರತಿಷ್ಠಾನದಂಥವರ ಹಣ ಹರಿದುಬಂತು. ಹಣ ಕೊಟ್ಟವರಿಗೆ ಶೀತಲ ಸಮರದ ಲೆಕ್ಕವೂ ಇತ್ತು. ಅಮೆರಿಕದ ಸೇನೆಯೇ ದುಡ್ಡು ಹಾಕಿ, ಬಡ ದೇಶಗಳಲ್ಲಿ ದಂಗೆ ಯಾವಾಗ ಏಳುತ್ತದೆಂದು ಸಮಾಜ ವಿಜ್ಞಾನಿಗಳಿಂದ ಲೆಕ್ಕ ಹಾಕಿಸಲು ಹೊರಟ ‘ಪ್ರಾಜೆಕ್ಟ್ ಕ್ಯಾಮೆಲಾಟ್’ ಚಿಲಿಯಲ್ಲಿ ಬಯಲಾಗಿ 1965ರಲ್ಲಿ ರದ್ದಾಯಿತು. ಹೊರಗೆ ವಿಯೆಟ್ನಾಂ ಹೊತ್ತಿ ಉರಿಯುತ್ತಿತ್ತು, ಕಪ್ಪು ಜನರ ಕೇರಿಗಳು ಉರಿಯುತ್ತಿದ್ದವು. ಶಾಸ್ತ್ರದ ಪತ್ರಿಕೆಗಳ ಪುಟಗಳಲ್ಲಿ ಕೋಷ್ಟಕಗಳು ತಣ್ಣಗೆ ಕೂತಿದ್ದವು. 1967ರಲ್ಲಿ ಕಿರಿಯರು ಅಮೆರಿಕದ ರಾಜ್ಯಶಾಸ್ತ್ರ ಸಂಘದೊಳಗೇ ಬಂಡಾಯದ ಗುಂಪು ಕಟ್ಟಿದರು. 1969ರ ಅಧ್ಯಕ್ಷ ಭಾಷಣದಲ್ಲಿ ಸ್ವತಃ ಈಸ್ಟನ್, ನಮ್ಮ ಶಾಸ್ತ್ರ ಜಗತ್ತಿನ ಸಂಕಟಕ್ಕೆ ಸ್ಪಂದಿಸದೆ ಹೋಯಿತು ಎಂದು ಒಪ್ಪಿಕೊಂಡರು. ತಾವೇ ಕಟ್ಟಿದ ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂದು ಗೃಹಪ್ರವೇಶಕ್ಕೆ ಬಂದವರೆದುರೇ ಹೇಳುವ ಧೈರ್ಯ ಎಲ್ಲ ಪಂಡಿತರಿಗೂ ಇರುವುದಿಲ್ಲ.

ಇತ್ತ ಭಾರತದಲ್ಲಿ? ಬಹುಕಾಲ ಈ ವಿಷಯ ಇತಿಹಾಸ, ಅರ್ಥಶಾಸ್ತ್ರಗಳ ಬಾಲ ಹಿಡಿದುಕೊಂಡೇ ನಡೆಯಿತು. ಭಾರತೀಯ ರಾಜ್ಯಶಾಸ್ತ್ರ ಸಂಘ ಹುಟ್ಟಿದ್ದು 1938ರಲ್ಲಿ. ಬಂಗಾಳದ ಕಾಲೇಜೊಂದರಲ್ಲಿದ್ದ ಗಿಲ್‌ಕ್ರಿಸ್ಟ್ ಬರೆದ ಪಠ್ಯ, ಅಮೆರಿಕದ ಗಾರ್ನರ್, ಗೆಟಲ್, ಆಮೇಲೆ 1942ರಲ್ಲಿ ಬಂದ ಅಪ್ಪಾದೊರೈ ಅವರ ‘ಸಬ್‌ಸ್ಟೆನ್ಸ್ ಆಫ್ ಪಾಲಿಟಿಕ್ಸ್’, ಇವನ್ನು ಉರುಹೊಡೆದು ತಲೆಮಾರುಗಳು ಪಾಸಾದವು. ರಾಜ್ಯದ ನಾಲ್ಕು ಮೂಲಾಂಶಗಳು, ಆಸ್ಟಿನ್ನನ ಪರಮಾಧಿಕಾರ, ಸ್ವಿಟ್ಜರ್ಲೆಂಡಿನ ನೇರ ಪ್ರಜಾಪ್ರಭುತ್ವ. ಸ್ವಿಸ್ ಕ್ಯಾಂಟನ್ನುಗಳ ಬಗ್ಗೆ ಎರಡು ಪುಟ ಬರೆಯಬಲ್ಲ ಹುಡುಗನಿಗೆ ತನ್ನ ತಾಲ್ಲೂಕು ಬೋರ್ಡು ಹೇಗೆ ನಡೆಯುತ್ತದೆಂದು ಯಾರೂ ಹೇಳಿಕೊಡಲಿಲ್ಲ.

ಆದರೆ ದೇಶ ಶಾಸ್ತ್ರಕ್ಕಾಗಿ ಕಾಯಲಿಲ್ಲ. ಬೇರೆ ಬೇರೆ ಭಾಷೆ ಆಡುವ ಜನ ಒಂದೇ ಪ್ರಜಾಸತ್ತೆಯ ಕೆಳಗೆ ಬಾಳುವುದು ಹೆಚ್ಚುಕಡಿಮೆ ಅಸಾಧ್ಯ ಎಂದು ಜಾನ್ ಸ್ಟುವರ್ಟ್ ಮಿಲ್ 1861ರಲ್ಲೇ ತೀರ್ಪು ಕೊಟ್ಟಿದ್ದರು. ದೇಶ ಶ್ರೀಮಂತವಾದಷ್ಟೂ, ಅಕ್ಷರಸ್ಥವಾದಷ್ಟೂ ಪ್ರಜಾಪ್ರಭುತ್ವ ನಿಲ್ಲುವ ಸಂಭವ ಹೆಚ್ಚು ಎಂದು ಸೆಮೂರ್ ಮಾರ್ಟಿನ್ ಲಿಪ್ಸೆಟ್ 1959ರಲ್ಲಿ ಅಂಕಿಅಂಶ ಇಟ್ಟರು. ಬಡವರು, ನಿರಕ್ಷರಿಗಳು, ಹತ್ತಾರು ಭಾಷೆಯವರು ಸೇರಿ ಆ ವೇಳೆಗಾಗಲೇ ಎರಡು ಮಹಾಚುನಾವಣೆ ಮುಗಿಸಿದ್ದರು. ಭಾರತವನ್ನು ಅಪವಾದ ಎಂದು ಅಡಿಟಿಪ್ಪಣಿಗೆ ತಳ್ಳುವುದು ಶಾಸ್ತ್ರದ ಅಭ್ಯಾಸವಾಯಿತು. ಜಗತ್ತಿನ ಆರನೇ ಒಂದು ಭಾಗ ಜನ ಅಡಿಟಿಪ್ಪಣಿಯಲ್ಲಿ ಹಿಡಿಸುತ್ತಾರೆಯೇ ಎಂದು ಕೇಳಿದವರು ಕಡಿಮೆ.

ಹಾಗೆ ಕೇಳಿದವರಲ್ಲಿ ರಜನಿ ಕೊಠಾರಿ ಒಬ್ಬರು. 1963ರಲ್ಲಿ ದೆಹಲಿಯಲ್ಲಿ ಸಿಎಸ್‌ಡಿಎಸ್ ಎಂಬ ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಕಾಂಗ್ರೆಸ್ ಒಂದು ಪಕ್ಷವಲ್ಲ, ಎಲ್ಲ ಜಗಳಗಳನ್ನೂ ತನ್ನೊಳಗೇ ನುಂಗಿಕೊಳ್ಳುವ ಒಂದು ವ್ಯವಸ್ಥೆ ಎಂದು 1964ರಲ್ಲಿ ಬರೆದರು. ಮೂರೇ ವರ್ಷದಲ್ಲಿ, 1967ರ ಚುನಾವಣೆಯಲ್ಲಿ, ಆ ವ್ಯವಸ್ಥೆ ಅರ್ಧದಷ್ಟು ರಾಜ್ಯಗಳಲ್ಲಿ ಬಹುಮತ ಕಳೆದುಕೊಂಡಿತು. ಸಿದ್ಧಾಂತ ಬರೆದ ಶಾಯಿ ಆರಿತ್ತಷ್ಟೆ. ಆದರೆ ಅದೇ ಚುನಾವಣೆಯಲ್ಲಿ ಕೊಠಾರಿ ತಂಡ ದೇಶದುದ್ದಕ್ಕೂ ಮತದಾರರ ಸಮೀಕ್ಷೆ ನಡೆಸಿತ್ತು. ನಮ್ಮ ಮತದಾರನ ಬಗ್ಗೆ ಊಹೆ ಬಿಟ್ಟು ದಾಖಲೆ ಇಟ್ಟುಕೊಂಡು ಮಾತಾಡಲು ಅದು ಮೊದಲ ಆಧಾರವಾಯಿತು. 1971ರಲ್ಲಿ, 1980ರಲ್ಲಿ ಮತ್ತೆ ನಡೆದದ್ದು ಆಮೇಲೆ ನಿಂತೇಹೋಗಿ, 1996ರಲ್ಲಿ ಮರುಜೀವ ಪಡೆಯಿತು. ಮಂಡಲ, ಮಂದಿರ ಎಂದು ದೇಶ ಮಗುಚಿ ಬಿದ್ದ ವರ್ಷಗಳೆಲ್ಲ ಆ ನಡುವಿನ ಖಾಲಿಯಲ್ಲಿವೆ. ಕೊಠಾರಿ ಅವರೂ ಬದಲಾದರು. ಮೊದಲು ಇಂದಿರಾ ಗಾಂಧಿಯವರ ಆಪ್ತ ವಲಯಕ್ಕೆ ಹತ್ತಿರವಿದ್ದವರು ತುರ್ತುಪರಿಸ್ಥಿತಿ ಬಂದ ಮೇಲೆ ಎದುರು ನಿಂತರು, ಪಕ್ಷಗಳ ಹೊರಗಿನ ಜನಚಳವಳಿಗಳ ಕಡೆ ನಡೆದರು.

ನಮ್ಮ ರಾಜಕೀಯ ಮಾತುಕತೆಯಲ್ಲಿ ಹೆಚ್ಚು ಬಳಕೆಯಾಗುವ ಎರಡು ಪರಿಕಲ್ಪನೆಗಳು, ‘ವೋಟ್ ಬ್ಯಾಂಕ್’ ಮತ್ತು ‘ಪ್ರಬಲ ಜಾತಿ’, ಹುಟ್ಟಿದ್ದು ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಕೊಟ್ಟವರು ರಾಜ್ಯಶಾಸ್ತ್ರಜ್ಞರಲ್ಲ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಹೋಗಿ ಉಳಿದ ಕೊಡಗಹಳ್ಳಿಯನ್ನು ಪುಸ್ತಕಗಳಲ್ಲಿ ರಾಂಪುರ ಎಂದು ಕರೆದರು. ಊರ ಗೌಡ ತನ್ನ ಒಕ್ಕಲು, ಸಾಲಗಾರರು, ನಂಟರ ಮತಗಳನ್ನು ಒಟ್ಟಿಗೆ ಹಿಡಿದು ಮೇಲಿನ ನಾಯಕನಿಗೆ ತಲುಪಿಸುವುದನ್ನು ಕಂಡು 1955ರಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತು ಬಳಸಿದರು. ಇಂದು ಟಿ.ವಿ. ಚರ್ಚೆಯಲ್ಲಿ ಅದನ್ನು ಯಾರ ಮೇಲೆ ಎಸೆಯುತ್ತಾರೋ ಅವರಿಗೂ ಆ ಗೌಡನಿಗೂ ಸಂಬಂಧವೇ ಇಲ್ಲ. ಶ್ರೀನಿವಾಸ್ ಅದನ್ನು ಬರೆದ ಹೊತ್ತಿಗೆ ನಮ್ಮ ರಾಜ್ಯಶಾಸ್ತ್ರ ವಿಭಾಗಗಳು ಇನ್ನೂ ಆಸ್ಟಿನ್ನನ ಪರಮಾಧಿಕಾರದಲ್ಲೇ ಇದ್ದವು. 1967ರಲ್ಲಿ ಕಾಂಗ್ರೆಸ್ ಬಗ್ಗೆ ಪುಸ್ತಕ ಬರೆದ ಮೈರನ್ ವೀನರ್ ಆರಿಸಿಕೊಂಡ ಐದು ಕಡೆಗಳಲ್ಲಿ ಬೆಳಗಾವಿಯೂ ಒಂದು. ಮೈಸೂರು ಸಂಸ್ಥಾನದ 1917ರಿಂದ 1955ರವರೆಗಿನ ರಾಜಕೀಯ ಚರಿತ್ರೆ ಬರೆದವರು ಜೇಮ್ಸ್ ಮ್ಯಾನರ್. ದೇವರಾಜ ಅರಸು ಕಾಲದ ಬಗ್ಗೆ ಗಟ್ಟಿ ಪುಸ್ತಕ ಬಂದದ್ದು ಅದೇ ಮ್ಯಾನರ್ ಮತ್ತು ಬೆಂಗಳೂರಿನ ಪತ್ರಕರ್ತ ಇ. ರಾಘವನ್ ಜೊತೆಗೂಡಿದಾಗ. ಎಲ್ಲ ಇಂಗ್ಲಿಷಿನಲ್ಲಿ. ಈ ಪುಸ್ತಕಗಳನ್ನು ಓದುವಾಗ ನನಗೆ ಸಂತೋಷದ ಜೊತೆಗೆ ಸಣ್ಣ ಕಿರಿಕಿರಿಯೂ ಆಗುತ್ತದೆ. ನಮ್ಮ ಊರಿನ ರಾಜಕೀಯ ನಮ್ಮ ಭಾಷೆಯ ತರಗತಿಗೆ ಇಷ್ಟು ತಡವಾಗಿ, ಇಷ್ಟು ಸುತ್ತು ಹಾಕಿಕೊಂಡು ಬರಬೇಕಾಯಿತಲ್ಲ ಎಂದು.

ಆಮೇಲಿನ ಕಥೆ ಇನ್ನೂ ಬಿಸಿಯಾಗಿದೆ. 1989-91ರಲ್ಲಿ ಸೋವಿಯೆತ್ ಒಕ್ಕೂಟ ಕುಸಿದಾಗ, ಅದರ ಮೇಲೆಯೇ ಜೀವನ ಸವೆಸಿದ ಪರಿಣತರು ಬೆಪ್ಪಾಗಿ ನೋಡಿದರು. ಗಣಿತದ ಸೂತ್ರಗಳೇ ಶಾಸ್ತ್ರವನ್ನು ನುಂಗುತ್ತಿವೆ ಎಂದು 2000ದಲ್ಲಿ ‘ಮಿಸ್ಟರ್ ಪೆರೆಸ್ಟ್ರೊಯ್ಕಾ’ ಎಂಬ ಅನಾಮಧೇಯ ಹೆಸರಿನಿಂದ ಅಮೆರಿಕದ ಪ್ರಾಧ್ಯಾಪಕರಿಗೆ ಒಂದು ಇ-ಮೇಲ್ ಬಂದು ದೊಡ್ಡ ಗದ್ದಲವೇ ಎದ್ದಿತು. ಆ ಗದ್ದಲದ ಬೆನ್ನಿಗೇ ಅಮೆರಿಕದ ಸಂಘದ ಅಧ್ಯಕ್ಷರಾದವರು ಸೂಸಾನ್ ರುಡಾಲ್ಫ್, ರಾಜಸ್ಥಾನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಭಾರತವನ್ನು ಬಲ್ಲವರು. ಗಣಿತ ಸಾಲದೆಂದು ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೀಟು ಸಿಗದೆ ರಾಜ್ಯಶಾಸ್ತ್ರಕ್ಕೆ ಬಂದ ಎಲಿನಾರ್ ಆಸ್ಟ್ರಮ್, ಕೆರೆ, ಕಾಲುವೆ, ಹುಲ್ಲುಗಾವಲುಗಳನ್ನು ಊರವರೇ ಸೇರಿ ಹೇಗೆ ಕಾಯ್ದುಕೊಳ್ಳುತ್ತಾರೆ ಎಂದು ಹುಡುಕಿ, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ಲನ್ನೇ ಎತ್ತಿಕೊಂಡು ಹೋದರು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರೇ.

ನಮ್ಮ ಕಾಲೇಜುಗಳಲ್ಲಿ ಎಚ್‌ಇಪಿ ಕಾಂಬಿನೇಷನ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಬೇರೆಲ್ಲೂ ಸೀಟು ಸಿಗದವರಿಗೆ, ಇಲ್ಲವೇ ಎಫ್‌ಡಿಎ, ಕೆಎಎಸ್ ಕನಸಿರುವವರಿಗೆ ಎಂಬ ಉಡಾಫೆ ಅದರ ಮೇಲಿದೆ. ಆ ಹುಡುಗರ ಕೈಗೆ ಕೊಡಬಹುದಾದ ಕೆಲಸವೊಂದು ಕಣ್ಣೆದುರೇ ಬಿದ್ದಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ದಾಟಿದರೆ ಬೆಂಗಳೂರು ನಗರ ಶೇ 55ರ ಆಸುಪಾಸಿನಲ್ಲೇ ಕುಂಟಿತು. ಪ್ರತಿ ಸಲ ಸಿನಿಮಾ ನಟರ ಜಾಹೀರಾತು, ಮ್ಯಾರಥಾನ್, ಬೆರಳಿನ ಶಾಯಿ ತೋರಿಸಿದರೆ ಬೆಣ್ಣೆ ದೋಸೆ ಪುಕ್ಕಟೆ ಎಂಬ ಹೋಟೆಲುಗಳ ಬೋರ್ಡು. ದೋಸೆ ತಿನ್ನಲು ಬಂದವರಲ್ಲಿ ಎಷ್ಟು ಜನ ಹೇಗೂ ವೋಟು ಹಾಕುತ್ತಿದ್ದರು, ಎಷ್ಟು ಜನ ದೋಸೆಯ ಸಲುವಾಗಿ ಹಾಕಿದರು? ಒಂದು ವಾರ್ಡಿನ ಅರ್ಧ ಬೂತುಗಳಿಗೆ ಚೀಟಿ ಎತ್ತಿ, ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಯಲ್ಲಿ ಒಂದೊಂದು ಕಾರ್ಡು ಹಂಚಿ, ಉಳಿದರ್ಧಕ್ಕೆ ಹಂಚದೆ, ಸಂಜೆ ಬೂತುಗಳ ಲೆಕ್ಕ ಹೋಲಿಸಿದರೆ ಸಾಕು. ಇಂಟರ್ನಲ್ಸಿಗೆ ಕೊಡುವ ಅಸೈನ್‌ಮೆಂಟಿನ ಖರ್ಚಿನಲ್ಲೇ ಮುಗಿಯುತ್ತದೆ.